ಅರ್ಧ ಹೊಂದಿಸಿದ್ದು

ನಲವತ್ತೇಳನೇ ಪ್ಯಾಕೇಜಿನವರೆಗೆ ಎಲ್ಲ ನೆಟ್ಟಗಿತ್ತು.
ಫಾಂಟುಗಳು ಬಂದವು, ಗಡಿಯಾರದ ಕಡತ ಬಂತು,
ಯಾರಿಗೂ ಬೇಡದ ಪ್ರಿಂಟರಿನ ಡ್ರೈವರೊಂದು
ಹೇಳದೆ ಕೇಳದೆ ಒಳಗೆ ಬಂದು ಕೂತಿತು.
ಆಮೇಲೆ ಡೇಟಾಬೇಸಿನ ಸರದಿ.
ಕೆಂಪು ಸಾಲೊಂದು. ಇನ್ನೊಂದು. ಮತ್ತೆ
ಬರೀ ಕರ್ಸರಿನ ಮಿಣುಕು.

ಕ್ಲಾಕ್ಸ್‌ವಿಕ್ ಬಂದರಿನಲ್ಲಿ, ಮೀನಿನ ಕಚೇರಿಯ ಅಟ್ಟದ ಮೇಲೆ
ನಾನು, ಒಂದು ಹೀಟರು,
ಆರು ದ್ವೀಪದ ಕುರಿಗಳ ಕಿವಿಗುರುತು.
ಹನ್ನೊಂದನೇ ಆವೃತ್ತಿ ಮಲಗಿದೆ, ಹದಿನೈದು ಎದ್ದಿಲ್ಲ.
‘ಅರ್ಧ ಹೊಂದಿಸಲಾಗಿದೆ’ ಎನ್ನುತ್ತದೆ ಯಂತ್ರ;
ಅರ್ಧ ಬೆಂದ ಅನ್ನಕ್ಕೂ ಇಷ್ಟು ಮರ್ಯಾದೆಯ ಹೆಸರಿಲ್ಲ.

ಫೋನು. ಟ್ರೊಂಡುರ್, ಫುಗ್ಲೊಯ್ ದ್ವೀಪದ ದೊಡ್ಡಿಯಿಂದ:
“ಹಿಂಡಿನ ಜೊತೆ ಒಂದು ಮರಿ ಬಂದಿದೆ.
ಬಲಗಿವಿಯ ತುದಿ ಇಲ್ಲ, ಎಡಗಿವಿಯ ಹಿಂದೆ ಕಚ್ಚು, ಎರಡು.
ಯಾರದು? ಬೆಳಗ್ಗೆ ಕೊಯ್ಯಬೇಕು.”
ಸ್ವಲ್ಪ ತಡಿ, ಎಂದೆ.
ಆ ರಾತ್ರಿ ಇದನ್ನು ನಾಲ್ಕು ಸಲ ಹೇಳಿದೆ,
ಸಲಸಲಕ್ಕೂ ‘ಸ್ವಲ್ಪ’ ಉದ್ದವಾಯಿತು.

ಮೊದಲು ಮಾಡಬೇಕಾದ್ದು ಏನೂ ಮಾಡದಿರುವುದು.
ಇದು ಕಲಿಯಲು ನನಗೆ
ಒಂದು ಶಾಲೆಯ ಅಷ್ಟೂ ಅಂಕಪಟ್ಟಿ ಕಳೆಯಬೇಕಾಗಿತ್ತು.
ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ.
ಆಮೇಲೆ ಹಳೆಯ ಕಣಜವನ್ನು ಇದ್ದದ್ದು ಇದ್ದ ಹಾಗೆ
ಬೇರೆ ಡಿಸ್ಕಿಗೆ ನಕಲು ಮಾಡಿದೆ.
ಜಾಗ ನೋಡಿದೆ, ಇತ್ತು. ಅನುಮತಿ ನೋಡಿದೆ, ಸರಿಯಿತ್ತು.
ಮತ್ತೆ ಓಡಿಸಿದೆ. ಅದೇ ಜಾಗದಲ್ಲಿ ಅದೇ ಮುಗ್ಗರಿಕೆ,
ಪ್ರತಿ ಹಬ್ಬಕ್ಕೂ ಹೊಸ್ತಿಲು ಎಡವುವ ನೆಂಟನ ಹಾಗೆ.

ಲಾಗಿನ ಕೊನೆಯ ಸಾಲು ಬರೀ ಅಳು.
ಪೆಟ್ಟು ಬಿದ್ದದ್ದು ಮೇಲೆಲ್ಲೋ.
ಮೇಲಕ್ಕೆ ಸರಿದೆ, ಇನ್ನೂರು ಸಾಲು, ಮುನ್ನೂರು,
ಸರಿ, ಸರಿ, ಸರಿ ಎನ್ನುವವುಗಳ ನಡುವೆ
ದನಿಯೇರಿಸದ ಒಂದು ವಾಕ್ಯ:
ಹಳೆಯದರ ಅಕ್ಷರಕ್ರಮ ಹೊಸದಕ್ಕೆ ಹೊಂದುತ್ತಿಲ್ಲ.

ಎರಡು ಗಂಟೆಗೆ ಮಾರ್ಯುನ್‌ಳನ್ನು ಎಬ್ಬಿಸಲು ಹೋದೆ,
ಎದ್ದೇ ಇದ್ದಳು. ಒಂಬತ್ತು ವರ್ಷದ ಹಿಂದೆ ಇದನ್ನು ಕಟ್ಟಿದವಳು,
ಈಗ ಹಡಗಿನ ಅಡುಗೆಮನೆಯಲ್ಲಿ ರಾತ್ರಿಪಾಳಿ.
ಪಾತ್ರೆ ಸದ್ದಿನ ಆಚೆಯಿಂದ ಕೇಳಿದಳು:
“ಹೊಸದಕ್ಕೆ ಭಾಷೆ ಯಾವುದು ಅಂತ ಹೇಳಿದೆಯಾ?”
ಇಲ್ಲ.
“ಹೇಳು ಮತ್ತೆ. ಹುಟ್ಟುತ್ತಲೇ ಕಲಿತು ಬಂದಿರುತ್ತದಾ?”
ಫೋನಿಟ್ಟಳು.

ನಮ್ಮಲ್ಲೊಂದು ಅಕ್ಷರವಿದೆ. ಬರೆಯುತ್ತೇವೆ, ಉಚ್ಚರಿಸುವುದಿಲ್ಲ.
ಅಮ್ಮ ಎಂಬ ಪದದೊಳಗಿದೆ, ಹವೆ ಎಂಬ ಪದದೊಳಗಿದೆ.
ವರ್ಣಮಾಲೆಯಲ್ಲಿ ಡಿ ಆದ ಮೇಲೆ, ಇ ಬರುವ ಮೊದಲು
ಸುಮ್ಮನೆ ಕೂತಿರುತ್ತದೆ.
ಭಾಷೆ ಹೇಳಿಸಿಕೊಳ್ಳದ ಯಂತ್ರಕ್ಕೆ ಎಣಿಕೆಯೊಂದೇ ಗೊತ್ತು.
ಅದರ ಲೆಕ್ಕದಲ್ಲಿ ಈ ಅಕ್ಷರ
ಪಂಕ್ತಿಯ ಆಚೆ, ಎಲ್ಲರದೂ ಊಟವಾದ ಮೇಲೆ.
ಹಾಗೇ ಎದ್ದುಬಿಟ್ಟಿದ್ದರೆ
ಇರುವ ಹೆಸರನ್ನು ಇಲ್ಲ ಎನ್ನುತ್ತಿತ್ತು, ಬಹಳ ವೇಗವಾಗಿ.
ಬಿದ್ದದ್ದೇ ಒಳ್ಳೆಯದಾಯಿತು.
ಬೈದದ್ದರಲ್ಲಿ ಅರ್ಧ ವಾಪಸು ತೆಗೆದುಕೊಂಡೆ.

ಖಾಲಿ ಹೊಸ ಕಣಜ ಕೆಡವಿ, ಭಾಷೆ ಹೇಳಿ, ಮತ್ತೆ ಕಟ್ಟಿದೆ.
ಮೂರೂ ಮುಕ್ಕಾಲಿಗೆ ಪಟ್ಟಿ ತೆರೆಯಿತು.
“ಟ್ರೊಂಡುರ್, ಆ ಗುರುತು ನಿನ್ನದೇ.
ಹೆಂಡತಿಯ ಕಡೆಯಿಂದ ಬಂದದ್ದು, ಎರಡು ಸಾವಿರದ ಆರರಲ್ಲಿ.”
ಆ ಕಡೆ ಉಸಿರು. ಅವನದೋ ಕುರಿಗಳದೋ.
“ಬಿಟ್ಟುಬಿಟ್ಟೆನಲ್ಲ,” ಎಂದ, “ಆಗಲೇ.
ಯಾರದ್ದೋ ಪಾಪ ನನಗೇಕೆ ಅಂತ ಬೇಲಿ ದಾಟಿಸಿ.”
ನಕ್ಕನೋ, ಕೆಮ್ಮಿದನೋ.

ಯಂತ್ರ ಕೊನೆಗೆ ವಿನಯದಿಂದ ತಿಳಿಸಿತು:
ಹಳೆಯ ಕಣಜ ಇನ್ನು ಬೇಕಿಲ್ಲ,
ಅಳಿಸಲು ಈ ಕೆಳಗಿನ ಆಜ್ಞೆ.
ಓದಿದೆ. ಎರಡು ಸಲ ಓದಿದೆ.
ಡಿಸ್ಕಿನಲ್ಲಿ ಜಾಗ ಇದೆ,
ಇರಲಿ.