ಗೆರೆ ಅಳಿಸಿದ ನೀರು

ಬೈತಖೋಲದ ದಕ್ಕೆಯಲ್ಲಿ ಇಪ್ಪತ್ತು ವರ್ಷ
ಬೋಟಿನ ಎಂಜಿನ್ನು ಬಿಚ್ಚಿದ ಕೈ ಇದು.
ಪ್ರೊಪೆಲ್ಲರಿನ ದಂಡಕ್ಕೆ ಗ್ರೀಸಿನ ಹಗ್ಗ ಸುತ್ತಿ
ಕಡಲನ್ನು ಹೊರಗೇ ನಿಲ್ಲಿಸುವುದು ಗೊತ್ತಿತ್ತು.
ಕಡಲನ್ನು ಒಳಗಿಟ್ಟು ಬಿಗಿಯುವುದು
ಮಂದಾಕಿನಿ ಬಾಯಿ ಕಲಿಸಿದ್ದು.

ಹೆಬ್ಬೆರಳಿನಷ್ಟು ಕೋಣೆ, ಮೊಣಕೈ ದಪ್ಪದ ಗೋಡೆ.
ನಿಕ್ಕಲ್ ಬೆರೆತ ಲೋಹ, ಕೊರೆಯುವಾಗ ನಾಲ್ಕು ಟೂಲು ಮುರಿದವು.
ಎರಡು ಪ್ಲಾಟಿನಂ ತಂತಿ, ಮೂಗುತಿಯ ಕಡ್ಡಿಗಿಂತ ತೆಳು,
ಪಿಂಗಾಣಿ ನಳಿಗೆಯೊಳಗೆ, ಒಂದನ್ನೊಂದು ಮುಟ್ಟದಂತೆ.
ಬದಿಗೆ ಬಣ್ಣವಿಲ್ಲದ ನೀಲಮಣಿಯ ಕಿಟಕಿ.
"ಬೆಲೆ ಕೇಳಬೇಡ ಉಮಾಕಾಂತ, ಕೈ ನಡುಗುತ್ತದೆ."
ಯಾವ ಲಂಗರೂ ಮುಟ್ಟದ ಆಳದ ಭಾರ
ಅಷ್ಟು ಜಾಗದಲ್ಲಿ.

ಮುನ್ನೂರು ಡಿಗ್ರಿ ದಾಟಿದರೂ ನೀರು ನೀರೇ.
ಕಿಟಕಿಯಲ್ಲೊಂದು ಗೆರೆ: ಕೆಳಗೆ ನೀರು, ಮೇಲೆ ಆವಿ.
ಮುನ್ನೂರ ಎಪ್ಪತ್ತಕ್ಕೆ ಗೆರೆ ತೆಳುವಾಯಿತು.
ಎಪ್ಪತ್ತನಾಲ್ಕಕ್ಕೆ ಕಂದು ಮಬ್ಬು, ಬೆಳಕು ಒಳಗೇ ಸಿಕ್ಕಿಬಿದ್ದಂತೆ,
ಆಮೇಲೆ ತಿಳಿ.
ಗೆರೆ ಇಲ್ಲ.
ಕುದಿಯಲಿಲ್ಲ, ಒಂದು ಗುಳ್ಳೆಯೂ ಏಳಲಿಲ್ಲ.

ಕೋಡಿಬಾಗದವನಿಗೆ ಇದೇನು ಹೊಸದಲ್ಲ ಅಂದೆ.
ಕಾಳಿ ಎಲ್ಲಿ ಮುಗಿಯುತ್ತಾಳೆಂದು
ಸೇತುವೆ ಮೇಲಿಂದ ಬೆರಳಿಟ್ಟು ತೋರಿಸಿದವರುಂಟೆ?
ಬಾಯಿ ನಗಲಿಲ್ಲ. ಮೀಟರು ನೋಡುತ್ತಿದ್ದರು.

ಒಳಗಿದ್ದದ್ದು ದಕ್ಕೆಯದೇ ನೀರು:
ಬೋಟಿನ ತಳದ ಕೊಚ್ಚೆ, ಡೀಸೆಲ್ಲಿನ ಕಾಮನಬಿಲ್ಲು.
ಎಣ್ಣೆ ಈ ನೀರಲ್ಲಿ ಕರಗಿತು,
ಮಾತು ಬಿಟ್ಟ ದಾಯಾದಿಗಳು ಒಂದೇ ಎಲೆಯಲ್ಲಿ ಉಂಡ ಹಾಗೆ.
ತಂತಿಯ ತುದಿಯಲ್ಲಿ ಕರೆಂಟು ಅದನ್ನು ಸುಟ್ಟಿತು,
ಬೆಂಕಿಯಿಲ್ಲದೆ.
ಹತ್ತು ನಿಮಿಷ ಇಬ್ಬರೂ ಸೊಲ್ಲೆತ್ತಲಿಲ್ಲ.

ಹನ್ನೊಂದಕ್ಕೆ ಮುಳ್ಳು ಇಳಿಯತೊಡಗಿತು.

ಉಪ್ಪು ತಿಂದವ ನೀರು ಕುಡಿಯಲೇಬೇಕು, ಸರಿ.
ನೀರೇ ಉಪ್ಪನ್ನು ಉಗುಳಿದರೆ?
"ಇಷ್ಟು ಕಾದ ನೀರಿಗೆ ಅದರ ಕೈ ಹಿಡಿಯಲಾಗುವುದಿಲ್ಲ" ಅಂದರು ಬಾಯಿ.
"ಬಿಡಿಬಿಡಿಯಾಗಿ ಓಡಾಡಬೇಕಾದವು ಜೋಡಿಯಾಗಿ ಕೂತುಬಿಡುತ್ತವೆ.
ಕರೆಂಟು ಹೊರುವವರು ಯಾರು?"

ಆರಿದ ಮೇಲೆ ಬಿಚ್ಚಿದೆ.
ನಳಿಗೆಯ ಮೂತಿಯಲ್ಲಿ ಬೆಳ್ಳನೆಯ ಗಟ್ಟಿ.
ಸಾಣಿಕಟ್ಟೆಯ ಗದ್ದೆಯಲ್ಲಿ ಬಿಸಿಲು ದಿನಗಟ್ಟಲೆ ಮಾಡುವ ಕೆಲಸ!
ಗೋಡೆಯಲ್ಲಿ ಅಲ್ಲಲ್ಲಿ ಗುಂಡುಸೂಜಿಯಂಥ ಕಚ್ಚು.
ಉಗುರಲ್ಲಿ ಕೆರೆದು ನಾಲಿಗೆಗಿಟ್ಟೆ.
"ಉಗುಳು ಮಾರಾಯ, ನಿಕ್ಕಲ್ಲು ಇರುತ್ತದೆ ಅದರಲ್ಲಿ!"

ಉಗುಳಿದೆ. ಅಷ್ಟರಲ್ಲೇ ಗೊತ್ತಾಗಿತ್ತು,
ಆಯಿ ಬಂಗಡೆಯ ಹೊಟ್ಟೆಗೆ ತುಂಬುತ್ತಿದ್ದ ಅದೇ.

ನಾಳೆ ತಳದಲ್ಲೊಂದು ಗುಂಡಿ ಕೊರೆಯಬೇಕು,
ತಂತಿಗಳಿಂದ ದೂರ, ಸುತ್ತ ತಣ್ಣೀರಿನ ಕೊಳವೆ.
ಹೊರಬಿದ್ದ ಉಪ್ಪಿಗೂ ಇರಲಿಕ್ಕೆ
ಒಂದು ತಂಪು ಜಾಗ ಬೇಕಲ್ಲ.
ಐದನೇ ಟೂಲು ಮಸೆಯುತ್ತಿದ್ದೇನೆ.