ಟಾಕಿಗೆ ಕಿವಿಯಿಟ್ಟು

ಹೆಸರು ಶೆನಿನ್ ಬ್ಲಾಂ.
ತಿಕೋಟಾದ ಬಾಯಿಗೆ ಬಿದ್ದು
ಎರಡನೇ ಸುಗ್ಗಿಗೇ ಸೇನವ್ವ ಆದಳು.

ಮಾಘದ ನಸುಕು, ಮೂರಕ್ಕ
ಹಣಿಗೆ ಬ್ಯಾಟರಿ ಕಟಗೊಂಡು ಕೊಯ್ತೀವಿ;
ಬಿಸಿಲು ಬಿದ್ದರ ಹುಳಿ ಓಡಿಹೋಗ್ತದ,
ಹುಳಿ ಹೋದರ ಸೇನವ್ವ ಬರೇ ಸಕ್ರಿ ನೀರು.
ದುರ್ಬೀನಿನಂಥ ಕೊಳವಿಗೆ ಒಂದು ಹನಿ ಹಿಂಡಿ
ನಾ ಬರಕೊಂಡೆ: ಇಪ್ಪತ್ತೆರಡೂವರಿ.

ಬದುವಿನಾಚೆ ರಾಚವ್ವನ ಶೆಡ್ಡು.
ಅಲ್ಲಿ ಬಲಿ ಮ್ಯಾಲ ಮಲಗಿದ ಗೊಂಚಲು
ನೀರು ಬಿಟ್ಟು ಸಿಹಿ ಹಿಡಕೊಂಡು
ಹದಿನೈದು ದಿನಕ್ಕ ಒಣದ್ರಾಕ್ಷಿ.
ಇಕಿ ಸಿಹಿ ಬಿಟ್ಟು ನೀರು ಹಿಡಕೊಂಡಾಳ.
ಯಾವುದು ಶಾಣ್ಯಾತನ, ನಾ ಹೇಳಲಾರೆ.

ಬಂದಗೀಸಾಬಗ ಟಾಕಿ ಕಾಯೋ ಕೆಲಸ.
ಹನ್ನೊಂದು ವರ್ಷ; ಒಂದು ಹನಿ ನಾಲಿಗಿಗೆ ಹಚ್ಚಿಲ್ಲ,
ಹಚ್ಚೂದೂ ಇಲ್ಲ.
ಉಕ್ಕಿನ ಹೊಟ್ಟಿಗೆ ಕಿವಿಯಿಟ್ಟು ಕೇಳ್ತಾನ:
ಮೊದಲ ವಾರ ಅಕ್ಕಿ ಕುದಿಯೋ ಸಪ್ಪಳ,
ಆಮ್ಯಾಲ ದೂರದಾಗ ಯಾರೋ ಜ್ವಾಳ ಕೇರಿದಂಗ,
ಆಮ್ಯಾಲ...
"ಮಲಗ್ಯಾಳ್ರೀ," ಅಂದ.
ತೇಲೋ ಗಾಜು ಇಳಿಬಿಟ್ಟು ನೋಡಿದೆ. ಸಕ್ರಿ ಸೊನ್ನಿ.

ಪುಣೆಯಿಂದ ಬಂದವರು ಗ್ಲಾಸ್ ತಿರುವಿ
ಜೇನು ಅಂದ್ರು, ಪೇರಲ ಅಂದ್ರು,
ತೊಯ್ದ ಕಲ್ಲು ಅಂದ್ರು.
ನಾ ತಲಿ ಹಾಕಿದೆ, ಬಿಲ್ಲು ಹರದೆ.

ಅವರು ಹೋದ ಮ್ಯಾಲ, ತೊಳಿಯೂಕಿಂತ ಮೊದಲು,
ಬಂದಗೀಸಾಬ ಒಂದು ಖಾಲಿ ಗ್ಲಾಸ್ ಮೂಗಿಗೆ ಹಿಡದ,
ಕಣ್ಣು ಮುಚ್ಚಿ, ಭಾಳ ಹೊತ್ತು.

"ಕಲ್ಲಲ್ಲ ಬಿಡ್ರಿ.
ನಮ್ಮ ಬಾವಿ ತೋಡೂಮುಂದ
ಮೊದಲ ಒರತಿ ಬಂತಲ್ಲ,
ಆವತ್ತಿನ ಮಣ್ಣು."

ಅಂದು, ಗ್ಲಾಸ್ ನೀರಿಗೆ ಹಿಡದ.