ಸೀಸ, ಸೀಸೆ

ಇವತ್ತಿಗೆ ಹದಿನಾಲ್ಕನೇ ಮನೆ.
ಮಿಲ್ವಾಕಿಯ ದಕ್ಷಿಣ ದಿಕ್ಕು, ಸರೋವರದ ಗಾಳಿ
ಕೈಗವಸಿನೊಳಗೂ ಬೆರಳು ಹುಡುಕುವ ಜನವರಿ.
ಚೀಲದಲ್ಲಿ ಒಂದು ಅಯಸ್ಕಾಂತ, ಒಂದು ಟಾರ್ಚು,
ಯಾವ ಬೀಗಕ್ಕೂ ಸೇರದ ಒಂದು ಬೀಗದ ಕೈ,
ಮತ್ತೆ ಈ ಪಟ್ಟಿ. ಮನೆ ನಂಬರಿನ ಎದುರು
ಯಾರೋ ಎಂದೋ ಬರೆದಿಟ್ಟ 'ಗೊತ್ತಿಲ್ಲ',
ಕೆಳಗೆ 'ಗೊತ್ತಿಲ್ಲ', ಅದರ ಕೆಳಗೆ 'ಗೊತ್ತಿಲ್ಲ',
ಬೀದಿಗೆ ಬೀದಿಯೇ ತಲೆ ಅಲ್ಲಾಡಿಸಿದ ಹಾಗೆ.

ಬಾಗಿಲು ತೆರೆದವಳು ಯುಜೀನಿಯಾ ವಾಹೋವ್ಯಾಕ್.
ಮೊದಲು ನನ್ನ ಗುರುತಿನ ಚೀಟಿ ನೋಡಿದಳು,
ಆಮೇಲೆ ಬೂಟು.
"ಒರೆಸಿಕೊಂಡು ಬಾ. ನೀರಿಗೇನಾಗಿದೆಯಂತೆ?
ಎಂಬತ್ತೊಂದು ವರ್ಷ ಇದನ್ನೇ ಕುಡಿದೆ.
ಸತ್ತಿದ್ದೀನಾ?"
ಇದಕ್ಕೆ ಉತ್ತರ ತರಬೇತಿಯ ಪುಸ್ತಕದಲ್ಲಿದೆ, ಏಳನೇ ಪುಟ.
ಅವಳ ಮುಖ ನೋಡುತ್ತ ಅದನ್ನು ಒಪ್ಪಿಸಲಾಗಲಿಲ್ಲ.

ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು.
ಉಪ್ಪಿನಲ್ಲಿ ನೆನೆದ ಎಲೆಕೋಸಿನ ಹುಳಿ ವಾಸನೆ,
ಬಿಚ್ಚದ ಕ್ರಿಸ್ಮಸ್ ಡಬ್ಬಗಳು, ಒಂದೇ ಒಂದು ಸ್ಕೇಟು.
ಮೂಲೆಯಲ್ಲಿ ಗೋಡೆ ತೂರಿ ಬಂದು
ಮೀಟರಿಗೆ ಬಾಯಿ ಕೊಟ್ಟ ಕೊಳವೆ:
ಬೂದು ಬಣ್ಣ, ಎಲ್ಲೂ ನೇರವಿಲ್ಲ,
ಮಲಗಿದ ಬೆಕ್ಕಿನ ಬಾಲದಂತೆ ಸಲೀಸಾಗಿ ಬಾಗಿದ್ದು.
ಸೇರುವಲ್ಲಿ ಒಂದು ಗಂಟು, ಈರುಳ್ಳಿ ಗಾತ್ರ.

ಅಯಸ್ಕಾಂತ ಹಿಡಿದೆ. ಕಚ್ಚಲಿಲ್ಲ, ಜಾರಿತು.
ಬೀಗದ ಕೈ ಎತ್ತಿದೆ.
"ತಡಿ," ಎಂದಳು.
"ಆ ಗಂಟಿದೆಯಲ್ಲ, ಅದು ನಮ್ಮಪ್ಪನ ಕೈ.
ಕುದಿವ ಲೋಹವನ್ನು ಬಟ್ಟೆಯಲ್ಲಿ ಹಿಡಿದು
ಮಗುವಿನ ಮೂಗು ಒರೆಸುವಷ್ಟು ಹಗುರಾಗಿ ಒರೆಸೋನು.
ಈ ಬೀದಿಯ ಅರ್ಧ ನೀರು ಫ್ಲೋರಿಯನ್ ತಂದದ್ದು.
ಒಂದು ತೊಟ್ಟು ಸೋರಿದ್ದು ತೋರಿಸು, ನೋಡೋಣ."

ತೋರಿಸಲಾರೆ.
ಸೋರಿದ್ದು ಹೊರಕ್ಕಲ್ಲ.

ಗಂಟು ಮುಟ್ಟದೆ, ಒಂದು ಗೇಣು ಕೆಳಗೆ ಕೆರೆದೆ.
ಉಗುರಿನಗಲ ಬೂದು ಸರಿದು
ಒಳಗಿನಿಂದ ಬೆಳ್ಳಿ ಹಲ್ಲು ಬಿಟ್ಟಿತು.
ತಾಮ್ರವಾದರೆ ಹಳೆ ಕಾಸಿನ ಕೆಂಪು,
ಕಬ್ಬಿಣವಾದರೆ ಕೈ ಸೋಲಬೇಕಿತ್ತು.
ಇದು ಬೆಣ್ಣೆಯಂತೆ ಒಪ್ಪಿಕೊಂಡಿತು.

ಸೀಸದ ಕಡ್ಡಿ ತೆಗೆದೆ. ಹೆಸರಿಗಷ್ಟೇ ಅದು,
ಒಳಗೆ ಸೀಸವಿಲ್ಲ.
'ಗೊತ್ತಿಲ್ಲ' ಹೊಡೆದು ಹಾಕಿ ಬರೆದೆ: ಸೀಸ.
ಸೀಸೆಯೊಂದನ್ನು ಅವಳ ಕೈಗಿತ್ತೆ:
ರಾತ್ರಿ ಆರು ತಾಸು ನಲ್ಲಿ ಮುಟ್ಟಬೇಡಿ,
ಬೆಳಗಿನ ಮೊದಲ ನೀರು, ಕಂಠಮಟ್ಟ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.
ಖಾಲಿ ಸೀಸೆಯನ್ನು ತಿರುಗಿಸಿ ತಿರುಗಿಸಿ,
"ಕಾಜಿಕ್," ಎಂದಳು, "ನನ್ನ ತಮ್ಮ.
ಅಮ್ಮನಿಗೆ ಹಾಲಿರಲಿಲ್ಲ.
ಪುಡಿ ಹಾಲು ಕದಡಿ ನಾನೇ ಕುಡಿಸಿದ್ದು, ಈ ನೀರಲ್ಲಿ.
ಶಾಲೆಯಲ್ಲಿ ಅಕ್ಷರ ಅವನ ಮುಂದೆ ನಿಲ್ಲುತ್ತಲೇ ಇರಲಿಲ್ಲ.
ಕ್ರೈಸ್ತ ಸನ್ಯಾಸಿನಿ ಗೆಣ್ಣಿಗೆ ಹೊಡೆಯೋಳು,
ಮನೆಗೆ ಬಂದರೆ ಅಪ್ಪ.
ಹಟಮಾರಿ ಅಂದುಕೊಂಡಿದ್ದೆವು.
ಇದರಿಂದಲಾ?"

ಹೌದು ಎನ್ನಲು ನನಗೆ ಅಧಿಕಾರವಿಲ್ಲ.
ಅಲ್ಲ ಎನ್ನಲು ಬಾಯಿ ಬರಲಿಲ್ಲ.
ನಮೂನೆಯಲ್ಲಿ ಕೊಳವೆಯ ಉದ್ದಕ್ಕೆ ಜಾಗವಿದೆ,
ವ್ಯಾಸಕ್ಕಿದೆ. 'ಇತರೆ' ಎಂಬಲ್ಲಿ ಒಂದೂವರೆ ಗೆರೆ.
ಖಾಲಿ ಬಿಟ್ಟೆ.

ಎಷ್ಟು ಹೊತ್ತು ಹಾಗೇ ಇದ್ದೆವೋ.
ಆಮೇಲೆ ಅವಳೆದ್ದು, ಮೆಟ್ಟಿಲು ಹತ್ತಿ, ಅಡುಗೆಮನೆಗೆ ಹೋಗಿ
ಫ್ರಿಜ್ಜಿನ ಬಾಗಿಲಿಂದ ಹಸುವಿನಾಕಾರದ ಅಯಸ್ಕಾಂತ ಕಿತ್ತಳು.
ವಿದ್ಯುತ್ ಬಿಲ್ಲುಗಳು ನೆಲಕ್ಕುದುರಿದವು, ಎತ್ತಲಿಲ್ಲ.
ನೈಟಿಯ ಮೇಲೆ ಕೋಟು.
"ಪಕ್ಕದ್ದು ಮೌವಾಗಳ ಮನೆ. ನಿನಗೆ ಬಾಗಿಲು ತೆಗೆಯಲ್ಲ,
ನನಗೆ ತೆಗೀತಾರೆ. ನಾಲ್ಕು ತಿಂಗಳ ಕೂಸಿದೆ.
ಅಲ್ಲಿನ ಗಂಟೂ ಅಪ್ಪನದೇ."

ನನ್ನ ಪಟ್ಟಿಯಲ್ಲಿ ಅದು ನಾಳೆಯ ಮನೆ.
ನಾನು ಬೂಟಿನ ದಾರ ಕಟ್ಟಿಕೊಳ್ಳುವಷ್ಟರಲ್ಲಿ
ಅವಳು ಹಿಮ ದಾಟಿ ಬಾಗಿಲು ಬಡಿಯುತ್ತಿದ್ದಳು,
ಇನ್ನೊಂದು ಕೈ ಹಿಂದಕ್ಕೆ ಚಾಚಿ,
ನನ್ನತ್ತ ತಿರುಗದೆ,
ಬೀಗದ ಕೈಗಾಗಿ.